ಕಾಕಾ ಮತ್ತು ತೊಂಬತ್ತರ ಬೀಗ

ಭಾನುವಾರ, ಬೆಳಿಗ್ಗೆ ಏಳು ಗಂಟೆ ಹತ್ತು ನಿಮಿಷ. ಬರೆಯಲು ಕುಳಿತೆ.

ಕೊಡಿಗೇಹಳ್ಳಿಯಲ್ಲಿ ಎಲ್ಲರಿಗಿಂತ ನಿಧಾನವಾಗಿ ಸ್ಕೂಟರ್ ಓಡಿಸುವವರು ನಮ್ಮ ಕಾಕಾ. ವೇಗಕ್ಕಾಗಿ ಎಲ್ಲರಿಗಿಂತ ಜೋರಾಗಿ ಹೋರಾಡುವವರೂ ಅವರೇ! ಅಪ್ಪನ ತಮ್ಮ, ಧಾರವಾಡದಿಂದ ಬಂದು ಯಶವಂತಪುರದ ಕಾರ್ಖಾನೆಯೊಂದರಲ್ಲಿ ಇಪ್ಪತ್ತು ವರ್ಷದಿಂದ ದುಡಿಯುತ್ತಿದ್ದಾರೆ. ಈ ವರ್ಷ ಎಲೆಕ್ಟ್ರಿಕ್ ಸ್ಕೂಟರ್ ಕೊಂಡರು. ಪೂಜೆ ಮಾಡಿಸಿ, ನಿಂಬೆಹಣ್ಣಿನ ಮೇಲೆ ಚಕ್ರ ಹಾಯಿಸಿ ಮನೆಗೆ ತಂದ ಮೇಲೆ, ಜೊತೆಗೆ ಕೊಟ್ಟ ಪುಸ್ತಕ ಬಿಡಿಸಿದರು. ಹದಿನೇಳನೇ ಪುಟದಲ್ಲಿ ಕಾದಿತ್ತು ಅವಮಾನ: ಗರಿಷ್ಠ ವೇಗ ತೊಂಬತ್ತು, ಕಂಪನಿಯೇ ಮಿತಿಗೊಳಿಸಿದೆ.

“ಗಾಡಿ ನಂದು, ರಸ್ತಾ ಸರ್ಕಾರದ್ದು. ನಡುವ ಲಗಾಮ ಹಿಡಿಯಾಕ ಇವರ್ಯಾರು?”

ನಾನು ಹಿಂದೆ ಕೂತು ಲೆಕ್ಕ ಇಟ್ಟಿದ್ದೇನೆ. ನಲವತ್ತೊಂದು ದಿನಗಳಲ್ಲಿ ಕಾಕಾ ಮುಟ್ಟಿದ ಅತಿ ಹೆಚ್ಚಿನ ವೇಗ ನಲವತ್ತೆರಡು. ಅದೂ ಹೆಬ್ಬಾಳದ ಮೇಲ್ಸೇತುವೆ ಇಳಿಯುವಾಗ ಸೀನು ಬಂದು ಕೈ ತಿರುಗಿದ್ದರಿಂದ. ಉಳಿದ ನಲವತ್ತೆಂಟೇ ಬಳಕೆಯಾಗಿಲ್ಲ, ಇನ್ನಷ್ಟು ಯಾಕೆ ಎಂದೆ. ಮನೆಯಲ್ಲಿ ನಾಲ್ಕು ಕುರ್ಚಿ ಇವೆ, ಕೂರುವುದು ಒಂದರಲ್ಲೇ, ಹಾಗಂತ ಮೂರನ್ನು ಅಂಗಡಿಯವನು ಕಟ್ಟಿಹಾಕಬಹುದೇ ಎಂದು ಕೇಳಿದರು.

ಆರು ಶನಿವಾರ ಶೋರೂಮಿಗೆ ಹೋದೆವು. ಮೊದಲ ವಾರ ಕಾಫಿ, ಮೂರನೇ ವಾರ ನೀರು, ಐದನೇ ವಾರದಿಂದ ಕುರ್ಚಿಯೂ ಇಲ್ಲ. ಸರ್ವಿಸ್ ಇಂಜಿನಿಯರ್ ಮಾತ್ರ ಪ್ರತಿ ಸಲವೂ ತಾಳ್ಮೆಯಿಂದ ವಿವರಿಸಿದರು. ಟೈರು ಇಂತಿಷ್ಟೇ ವೇಗ ತಾಳುತ್ತದೆ. ವೇಗ ಏರಿದಂತೆ ಬ್ಯಾಟರಿ ಬಿಸಿಯಾಗಿ ಬೇಗ ಬರಿದಾಗುತ್ತದೆ. ಬ್ರೇಕ್ ಒತ್ತಿದ ಮೇಲೂ ಗಾಡಿ ಬಹುದೂರ ಓಡುತ್ತದೆ. ಆದ್ದರಿಂದ ಮೋಟರಿಗೆ ಶಕ್ತಿಯಿದ್ದರೂ ಕಂಪನಿ ತಾನೇ ತಡೆಯುತ್ತದೆ. ಯಾವ ಕಾನೂನೂ ಹೇಳದಿದ್ದರೂ ಜರ್ಮನಿಯ ಹಲವು ದೊಡ್ಡ ಕಾರುಗಳು ಇನ್ನೂರೈವತ್ತಕ್ಕೆ ನಿಲ್ಲುತ್ತವಂತೆ.

ಕಾಕಾಗೆ ಅನುಮಾನ ಹೆಚ್ಚಾಯಿತು. “ಯಾರೂ ಹೇಳ್ದನ ತಮ್ಮ ಕೈ ತಾವ ಕಟ್ಕೊಳ್ಳೋ ವ್ಯಾಪಾರಸ್ಥರನ್ನ ಎಲ್ಲರೆ ನೋಡೀಯೇನು?”

ಹೊರಗಿನವರು ಈ ಮಿತಿ ಇಟ್ಟಿರುವ ಸಾಫ್ಟ್‌ವೇರ್ ಮುಟ್ಟಿದರೆ ವಾರಂಟಿ ಹೋಯಿತೆಂದೇ ತಿಳಿಯಿರಿ ಎಂದು ಇಂಜಿನಿಯರ್ ಎಚ್ಚರಿಸಿದರು. ಕಾಕಾ ಬಗ್ಗಲಿಲ್ಲ. ಬ್ಯಾಟರಾಯನಪುರದಲ್ಲಿ ಲ್ಯಾಪ್‌ಟಾಪಿನಿಂದಲೇ ಈ ಬೀಗ ತೆಗೆಯುವ ಮೆಕ್ಯಾನಿಕ್ ಒಬ್ಬನನ್ನು ಪತ್ತೆ ಹಚ್ಚಿ, ನಿನ್ನೆ ಸಂಜೆ ನನ್ನನ್ನೂ ಕರೆದೊಯ್ದರು.

ಆತ ತಂತಿ ಸಿಕ್ಕಿಸಿದ. “ಎಷ್ಟಕ್ ಸೆಟ್ ಮಾಡ್ಲಿ ಅಂಕಲ್? ನೂರಾ ಹತ್ತು?”

“ಮೂವತ್ತೈದು.”

ಮೆಕ್ಯಾನಿಕ್ ನನ್ನ ಮುಖ ನೋಡಿದ. ನಿಧಾನವೇ ಬೇಕಿದ್ದರೆ ಇಕೋ ಬಟನ್ ಒತ್ತಿದರಾಯಿತು, ಅದಕ್ಕಾಗಿ ವಾರಂಟಿ ಯಾಕೆ ಕಳೆದುಕೊಳ್ಳುತ್ತೀರಿ ಎಂದು ಬುದ್ಧಿ ಹೇಳಿದ.

“ಅಕಿ ಒತ್ತಂಗಿಲ್ಲಪಾ,” ಎಂದರು ಕಾಕಾ. “ನಾಳಿಂದ ನಮ್ಮನಿಯಾಕಿ ಗಾಡಿ ಕಲೀತಾಳ.”

ಈಗ ಎಂಟು ಗಂಟೆ. ಕಾಕಾನ ಹೆಂಡತಿ, ನಮ್ಮ ಕಾಕು, ಮೂರನೇ ಸುತ್ತು ಮುಗಿಸಿ ಬಂದು, ಎಷ್ಟು ತಿರುಗಿಸಿದರೂ ಮೂವತ್ತೈದು ದಾಟುವುದಿಲ್ಲ, ಇದೆಂಥ ಗಾಡಿ ತಂದಿರಿ ಎಂದು ಗೇಟಿನ ಬಳಿ ಬೈಯುತ್ತಿದ್ದಾರೆ. ಕಾಕಾ ನೆಲ ನೋಡುತ್ತಾ ಹೇಳಿದರು: “ಕಂಪನಿಯವರೇ ಹಂಗ ಮಾಡ್ಯಾರ.”

ಮಿತಿ ಹಾಕುವಾಗ ಕಂಪನಿಯವರ ಕಣ್ಣ ಮುಂದೆಯೂ ಹೀಗೆ ಯಾರದಾದರೂ ಮುಖ ಬರುತ್ತದೆಯೇ? ಬಲ್ಲವರು ದಯವಿಟ್ಟು ನನಗೊಂದು ಸಾಲು ಬರೆಯಿರಿ.