ಕಾರು ನೋಡಲು ಬಸ್ಸಿನಲ್ಲಿ

ಕಾರು ಇರುವವರು ಕಾರಿನಲ್ಲಿ ಓಡಾಡುತ್ತಾರೆ, ಇಲ್ಲದವರು ಬಸ್ಸಿನಲ್ಲಿ ಓಡಾಡುತ್ತಾರೆ. ನಮ್ಮ ಭಾವ ಮಾತ್ರ ತಮ್ಮ ಕಾರನ್ನು ನೋಡಿಕೊಂಡು ಬರಲು ಬಸ್ಸಿನಲ್ಲಿ ಹೋಗುತ್ತಿದ್ದರು!

ಉತ್ಪ್ರೇಕ್ಷೆ ಎಂದುಕೊಳ್ಳಬೇಡಿ. ಕಾರವಾರದಲ್ಲಿ ಕೂತು ಬಹಳ ವರ್ಷ ಪತ್ರಿಕೆಗೆ ಸುದ್ದಿ ಕಳಿಸಿದವನು ನಾನು. ನೋಡದ್ದನ್ನು ನೋಡಿದೆ ಎಂದು ಬರೆಯುವ ಅಭ್ಯಾಸವಿಲ್ಲ. ಭಾವ, ಅಂದರೆ ನನ್ನ ಅಕ್ಕನ ಗಂಡ, ಇದ್ದದ್ದು ಅಂಕೋಲೆ ತಾಲೂಕಿನ ಭಾವಿಕೇರಿಯಲ್ಲಿ. ಅವರ ಕಾರು ಇದ್ದದ್ದು ಕಾರವಾರದ ನನ್ನ ಮನೆಯ ಶೆಡ್ಡಿನಲ್ಲಿ. ಪ್ರತಿ ಭಾನುವಾರ ಬೆಳಗಿನ ಬಸ್ಸಿಗೆ ಬರುವರು. ಕಾರಿನ ಮೈ ಒರೆಸುವರು. ಎಂಜಿನ್ ಚಾಲೂ ಮಾಡಿ, ಸ್ಟೀರಿಂಗ್ ಹಿಡಿದು, ಎದುರಿನ ಗೋಡೆಯನ್ನು ದಿಟ್ಟಿಸುತ್ತ ಸ್ವಲ್ಪ ಹೊತ್ತು ಕೂರುವರು. ಒಮ್ಮೆ ಹಾರ್ನ್ ಕೂಡ ಹೊಡೆದರು. ಗೋಡೆ ದಾರಿ ಬಿಡಲಿಲ್ಲ. ಆಮೇಲೆ ನಮ್ಮಲ್ಲಿ ಊಟ ಮಾಡಿ ಮಧ್ಯಾಹ್ನದ ಬಸ್ಸಿಗೆ ವಾಪಸ್.

"ಅತ್ಗೇ, ಆಸ್ಪತ್ರೇಲಿ ಮಲ್ಗಿದ್ದ ಸಂಬಂಧಿಕರ್ನ ನೋಡೂಕೆ ಬಂದಂಗೆ ಬತ್ರಲ್ಲ ನಿಮ್ಮನೆಯವ್ರು! ಮುಂದಿನ್ ಸಲ ನಾಕು ಮೋಸಂಬಿನೂ ಹಿಡ್ಕಂಡ್ ಬರೂಕೆ ಹೇಳಿ" ಎಂದು ನನ್ನ ಹೆಂಡತಿ ಅಕ್ಕನಿಗೆ ಫೋನು ಮಾಡಿ ಹೇಳಿದಳು.

ಇನ್ನೂ ಸೋಜಿಗವೆಂದರೆ ಈ ಮನುಷ್ಯ ನೌಕರಿ ಮಾಡಿದ್ದೇ ರಸ್ತೆ ಕೆಲಸದಲ್ಲಿ. ಓವರ್ಸಿಯರ್ ಆಗಿದ್ದರು. ಬದುಕಿಡೀ ಜಲ್ಲಿ ಸುರಿಸಿ, ಡಾಂಬರು ಹಾಕಿಸಿ, ನಿವೃತ್ತಿಯ ದಿನ ಹೂವಿನ ಹಾರ ಹಾಕಿಸಿಕೊಂಡು ಮನೆಗೆ ಬಂದವರು, ಮರುದಿನದಿಂದ ರಸ್ತೆಯ ಪರಮ ವೈರಿಯಾದರು! ರಸ್ತೆ ಅಗಲ ಮಾಡಬೇಕು ಎಂದು ಯಾರಾದರೂ ಅವರೆದುರು ಹೇಳಿದರೆ ಮುಗಿಯಿತು.

"ಅಗಲ ಮಾಡಿದ್ರೆ ಗದ್ದಲ ಕಮ್ಮಿ ಆಗ್ತದಾ ಮಾರಾಯಾ? ಮದ್ವೆ ಮನೇಲಿ ಇನ್ನೊಂದ್ ಪಂಕ್ತಿ ಎಲೆ ಹಾಕಿ ನೋಡು. ನೆಂಟರು ಕಮ್ಮಿ ಆಗ್ತ್ರಾ? ಎಲೆ ಕಂಡವ್ರೆಲ್ಲ ಕೂತ್ಕಂಬುದೇ! ಬಸ್ಸು ಕೊಡಿ. ಒಂದ್ ಬಸ್ಸು ಅಂದ್ರೆ ಒಂದ್ ಊರು ಹೋದಂಗೆ."

ತಮ್ಮ ಕಾರು ಶೆಡ್ಡಿನಲ್ಲಿರುವುದೂ ಇದೇ ತತ್ವಕ್ಕಾಗಿ ಎಂಬುದು ಭಾವನ ಹೇಳಿಕೆ. ಪತ್ರಿಕಾಧರ್ಮದಂತೆ ಇನ್ನೊಂದು ಕಡೆಯ ಹೇಳಿಕೆಯನ್ನೂ ಕೊಡಬೇಕಲ್ಲ? ಅಕ್ಕನನ್ನು ಕೇಳಿದೆ.

"ಎಂತಾ ತತ್ವನೂ ಇಲ್ಲ. ಹೆದ್ರಿಕೆ!" ಎಂದಳು.

ನಡೆದದ್ದು ಇಷ್ಟು. ನಿವೃತ್ತಿಯ ನಂತರ ಕಾರು ಕೊಂಡು, ಚಾಲನೆ ಕಲಿತು, ಮೊದಲ ಸಲ ಅಕ್ಕನನ್ನು ಕೂರಿಸಿಕೊಂಡು ಕಾರವಾರಕ್ಕೆ ಹೊರಟಿದ್ದರು. ಬಿಣಗಾ ಘಟ್ಟದ ತಿರುವಿನ ಏರಿನಲ್ಲಿ ಎಂಜಿನ್ ಬಂದ್ ಬಿತ್ತು. ಕಾರು ಹಿಂದಕ್ಕೆ ಜಾರತೊಡಗಿತು. ಹಿಂದೆ ಅದಿರಿನ ಲಾರಿ, ಪಕ್ಕದಲ್ಲಿ ಕೆಳಗೆ ಸಮುದ್ರ. ಭಾವನ ಕೈಕಾಲು ಎರಡೂ ಮರಗಟ್ಟಿದವು. ಹ್ಯಾಂಡ್ ಬ್ರೇಕ್ ಎಳೆದವಳು ಅಕ್ಕ. ಅದು ಹ್ಯಾಂಡ್ ಬ್ರೇಕ್ ಎಂದು ಅವಳಿಗೆ ಗೊತ್ತಿರಲಿಲ್ಲ. ಹಿಡಿದುಕೊಳ್ಳಲು ಕೈಗೆ ಸಿಕ್ಕಿದ್ದು ಅದೊಂದೇ! ಲಾರಿಯವನು ಇಳಿದು ಬಂದು, ಭಾವನನ್ನು ಪಕ್ಕಕ್ಕೆ ಸರಿಸಿ, ತಾನೇ ಕಾರನ್ನು ಏರು ದಾಟಿಸಿಕೊಟ್ಟ. ಅಲ್ಲಿಂದ ಹೇಗೋ ನನ್ನ ಮನೆ ತಲುಪಿ, ಕಾರನ್ನು ಶೆಡ್ಡಿಗೆ ಹಾಕಿ, ಒಂದು ಲೋಟ ನೀರು ಕುಡಿದು, ಭಾವ ಬಸ್ಸಿನಲ್ಲಿ ಊರಿಗೆ ಮರಳಿದರು. ಕಾರು ಉಳಿಯಿತು.

ಬಸ್ಸಿನಲ್ಲಿ ಅವರ ಸಂಗಾತಿ ಬೀರಮ್ಮ. ಭಾವಿಕೇರಿಯ ಮೀನು ಮಾರುವ ಹೆಂಗಸು. ಟ್ರಾಲರ್ ದೋಣಿಗಳ ಮೀನು ಹೆಚ್ಚು ಬರುವುದು ಕಾರವಾರದ ಬೈತಖೋಲ ಬಂದರಿಗೆ. ಬೆಳಗಿನ ಬಸ್ಸಿಗೆ ಹೋದರೆ ಹರಾಜು ಸಿಗುತ್ತದೆ. ಹರಾಜು ಸಿಕ್ಕರೆ ಬುಟ್ಟಿ ತುಂಬುತ್ತದೆ, ಬುಟ್ಟಿ ತುಂಬಿದರೆ ಪೇಟೆಯಲ್ಲಿ ಮಾರಿ ಮನೆಗೆ ಅಕ್ಕಿ ಒಯ್ಯಬಹುದು. ಬೀರಮ್ಮ ಮತ್ತು ಅವಳ ಮೂವರು ಜೊತೆಗಾತಿಯರ ಸಂಸಾರ ನಿಂತಿದ್ದದ್ದು ಊರೊಳಗೆ ಬರುವ ಆ ಒಂದು ಬಸ್ಸಿನ ಮೇಲೆ. ಹೆದ್ದಾರಿಯ ಎಕ್ಸ್‌ಪ್ರೆಸ್ ಬಸ್ಸುಗಳೇನೋ ಬೇಕಾದಷ್ಟಿದ್ದವು. ಆದರೆ ಮೀನಿನ ಬುಟ್ಟಿ ಕಂಡರೆ ಅವುಗಳ ಕಂಡಕ್ಟರುಗಳು ದೆವ್ವ ಕಂಡಂತೆ ಸೀಟಿ ಊದುತ್ತಿದ್ದರು.

ಭಾವ ಕಿಟಕಿ ಪಕ್ಕ ಕೂತು ದಾರಿಯುದ್ದಕ್ಕೂ ಹೊಂಡಗಳ ಇತಿಹಾಸ ಹೇಳುವರು. ಇದು ಯಾವ ಮಳೆಯಲ್ಲಿ ಬಿತ್ತು, ಅದನ್ನು ಎಷ್ಟು ಸಲ ಮುಚ್ಚಿದರು, ಹೇಗೆ ಮತ್ತೆ ಬಾಯಿ ಬಿಟ್ಟಿತು!

"ಓವರ್ಸಿಯರ್ರೇ, ಹೊಂಡ ಎಲ್ಲ ನಿಮ್ ಮಕ್ಳಾ?" ಬೀರಮ್ಮ ಕೇಳುವಳು. "ಒಂದೊಂದ್ರ ಜಾತಕನೂ ಹೇಳ್ತ್ರಲ್ಲ!"

"ತಾಜಾ ಮೀನಾ ಅಂತ ನೀನ್ ಕಿವಿರು ಎತ್ತಿ ನೋಡೂದಿಲ್ವೇನೆ? ನಾನೂ ಹಂಗೇ."

"ನಾನ್ ನೋಡಿ ಮಾರ್ತೆ. ನೀವು ನೋಡಿ ಎಂತ ಮಾಡ್ತ್ರಿ?"

 ಇದಕ್ಕೆ ಉತ್ತರ ಕೊಡುವ ಅವಕಾಶ ಭಾವನಿಗೆ ಬೇಗನೇ ಬಂತು.

ಆ ವರ್ಷಗಳಲ್ಲಿ ಕಾರವಾರ ಬೆಳೆಯತೊಡಗಿತ್ತು. ನೌಕಾನೆಲೆಯ ಜೊತೆ ಹೊಸ ಜನ, ಹೊಸ ಜನರ ಜೊತೆ ಹೊಸ ಮನೆ, ಮನೆಯೆದುರು ವಾಹನ. ಪೇಟೆಯ ಬಾಯಲ್ಲಿ ಬೆಳಿಗ್ಗೆ ಸಂಜೆ ಹಾರ್ನುಗಳ ಭಜನೆ. ಸರ್ಕಾರದಿಂದ ಒಂದಿಷ್ಟು ದುಡ್ಡು ಬರುವುದಿತ್ತು. ಅದರಲ್ಲಿ ಪೇಟೆಯ ಹೆದ್ದಾರಿಯನ್ನು ಅಗಲ ಮಾಡುವುದೋ, ಊರೂರಿಗೆ ಬಸ್ಸು ಹೆಚ್ಚಿಸುವುದೋ? ಎರಡಕ್ಕೂ ಸಾಲದು. ಸಾರ್ವಜನಿಕರ ಅಭಿಪ್ರಾಯ ಕೇಳಲು ಸಭೆ ಕರೆದರು. ವರದಿಗೆ ನಾನು ಹೋದೆ. ಅಭಿಪ್ರಾಯಕ್ಕೆ ಭಾವ ಬಂದರು, ಬೀರಮ್ಮನ ದಂಡನ್ನೂ ಕರೆತಂದರು. ಬುಟ್ಟಿ ಸಮೇತ.

ಒಬ್ಬರಾದ ಮೇಲೆ ಒಬ್ಬರು ಎದ್ದು ರಸ್ತೆ ಬೇಕು ಎಂದರು. ಭಾವನ ಸರದಿ ಬಂತು. ಭಾಷಣ ಮಾಡಲಿಲ್ಲ. "ಕಾರಲ್ಲಿ ಬಂದವ್ರು ಕೈ ಎತ್ತಿ" ಎಂದರು. ಕೆಲವರು ಎತ್ತಿದರು, ಸಭೆ ನಡೆಸುತ್ತಿದ್ದ ಅಧಿಕಾರಿಯೂ ಎತ್ತಿದರು. "ನಿಮ್ ನಿಮ್ ಕುರ್ಚಿ ತಕಂಡು, ಸುತ್ತ ಒಂದ್ ಕಾರಿನಷ್ಟು ಜಾಗ ಬಿಟ್ಟು ಕೂತ್ಕಣಿ. ರಸ್ತೇಲಿ ನೀವು ಹಿಡಿಯೂದು ಅಷ್ಟೇ ಜಾಗ."

ಅಧಿಕಾರಿ ತಾಳ್ಮೆಯವರು, ನಮ್ಮ ಜಿಲ್ಲೆಯವರೇ. ನಗುತ್ತ ಒಪ್ಪಿದರು. ಅವರು ಮೇಜಿನ ಹಿಂದಿನ ತಮ್ಮ ಕುರ್ಚಿ ಬಿಟ್ಟು ಸಭೆಯ ನಡುವೆ ಬಂದು ಇನ್ನೊಂದರಲ್ಲಿ ಕೂತರು. ಬೆರಳೆಣಿಕೆಯ ಜನಕ್ಕೇ ಸಭಾಂಗಣ ಭರ್ತಿ! ಉಳಿದವರೆಲ್ಲ ವರಾಂಡಕ್ಕೆ. ಪತ್ರಕರ್ತರಾದ ನಾವು ಕಿಟಕಿಯ ಸರಳು ಹಿಡಿದು ನಿಂತು ವರದಿ ಬರೆದುಕೊಂಡೆವು.

"ಇದು ರಸ್ತೆ" ಎಂದರು ಭಾವ. "ಈಗ ಬಸ್ಸು ನೋಡಿ. ಎಲ್ರೂ ಒಳಗೆ ಬನ್ನಿ, ವೇದಿಕೆ ಬದಿಗೆ. ಬಸ್ಸು ಬಂತು! ಹತ್ತಿ!"

ಇಲ್ಲಿ ಭಾವ ಒಂದು ಲೆಕ್ಕ ತಪ್ಪಿದ್ದರು. ನಮ್ಮ ಕಡೆಯ ಜನಕ್ಕೆ "ಬಸ್ಸು ಬಂತು, ಹತ್ತಿ" ಎಂದರೆ ಅವರು ನಿಜವಾಗಿ ಹತ್ತುತ್ತಾರೆ. ವರಾಂಡದಲ್ಲಿದ್ದವರು ಬಾಗಿಲಿಗೆ ಮುಗಿಬಿದ್ದರು. ಮುಂದೆ ನುಗ್ಗಲಾಗದ ಬೀರಮ್ಮ, ಜನ್ಮದ ಅಭ್ಯಾಸದಂತೆ, ಕಿಟಕಿಯಿಂದ ತನ್ನ ಟವೆಲ್ ಎಸೆದಳು. ಅದು ನೇರ ಹೋಗಿ ಬಿದ್ದದ್ದು ಮೇಜಿನ ಹಿಂದೆ ಖಾಲಿ ಇದ್ದ ಅಧಿಕಾರಿಯ ಕುರ್ಚಿಯ ಮೇಲೆ!

ಪ್ರದರ್ಶನ ಮುಗಿಯಿತು. ಇಡೀ ಸಭೆ ಒಂದು ಮೂಲೆಯಲ್ಲಿ ಬುಟ್ಟಿಗಳ ಸಮೇತ ಹಿಡಿಸಿತ್ತು, ಭಾವ ಗೆದ್ದಿದ್ದರು. ಅಧಿಕಾರಿ ತಮ್ಮ ಜಾಗಕ್ಕೆ ಮರಳಿದರು. ಟವೆಲ್ ನೋಡಿದರು. ನಿಂತರು. ಟವೆಲ್ ಬಿದ್ದ ಸೀಟಿನಲ್ಲಿ ಇನ್ನೊಬ್ಬರು ಕೂರುವುದುಂಟೇ? ಬೇರೆ ಊರಿನಿಂದ ವರ್ಗವಾಗಿ ಬಂದವರಾಗಿದ್ದರೆ ತೆಗೆದು ಬಿಸಾಡಿ ಕೂರುತ್ತಿದ್ದರೇನೋ. ಇವರು ನಮ್ಮವರು. ಸಭೆಯ ಉಳಿದ ಭಾಗವನ್ನು ನಿಂತುಕೊಂಡೇ ನಡೆಸಿದರು. ಬೀರಮ್ಮ ಹೋಗಿ ಕೂತಳೇ? ಇಲ್ಲ. "ಅವ್ರು ಕೂತ್ಕಣ್ಲಿ ಪಾಪ" ಎಂದು ಅವಳು ಹಿಂದಿನಿಂದ ಕೂಗುತ್ತಲೇ ಇದ್ದಳು, ಗಲಾಟೆಯಲ್ಲಿ ಕೇಳಲಿಲ್ಲ.

ನಾನು ಇಷ್ಟನ್ನೂ ಬರೆದು ಕಳಿಸಿದೆ. ಟವೆಲ್ ಸಂಗತಿಯನ್ನು ನಂಬಲು ಕಷ್ಟ ಎಂದು ಸಂಪಾದಕರು ತೆಗೆದರು.

ದುಡ್ಡು ರಸ್ತೆಗೇ ಹೋಯಿತು. ಸಾಲದ್ದಕ್ಕೆ, ಇರುವ ಬಸ್ಸುಗಳೇ ಕಡಿಮೆ, ಜನರಿಲ್ಲದ ಟ್ರಿಪ್‌ಗಳನ್ನು ನಿಲ್ಲಿಸುತ್ತೇವೆ ಎಂದರು ಸಾರಿಗೆಯವರು. ನಿಂತ ಟ್ರಿಪ್‌ಗಳಲ್ಲಿ ಭಾವಿಕೇರಿಯ ಬೆಳಗಿನ ಬಸ್ಸೂ ಒಂದು.

ಬೀರಮ್ಮ ಅಕ್ಕನ ಮನೆಯಂಗಳಕ್ಕೆ ಬಂದು ಖಾಲಿ ಬುಟ್ಟಿ ಕುಕ್ಕಿದಳು.

"ಚಂದ ಮಾಡಿದ್ರಿ ಓವರ್ಸಿಯರ್ರೇ! ಹೊಸ ಬಸ್ಸು ಕೊಡಿಸ್ತೆ ಅಂತ ಕರ್ಕಂಡ್ ಹೋಗಿ ಇದ್ದ ಬಸ್ಸೂ ಕಳದ್ರಿ. ನಾಳೆಯಿಂದ ಹರಾಜಿಗೆ ನಾ ಹ್ಯಾಂಗ್ ಹೋಗೂದು? ನಿಮ್ ತತ್ವದ ಮೇಲೆ ಕೂತ್ಕಂಡಾ?"

  ಮರುದಿನ ಭಾವ ಎಕ್ಸ್‌ಪ್ರೆಸ್ ಬಸ್ಸು ಹಿಡಿದು ನನ್ನ ಮನೆಗೆ ಬಂದರು. ಆ ದಿನ ಭಾನುವಾರವೂ ಅಲ್ಲ. ಕಾರಿನ ಮೈ ಒರೆಸಲಿಲ್ಲ. ಎಂಜಿನ್ ಚಾಲೂ ಮಾಡಿ, ಗೋಡೆಯ ಕಡೆ ನೋಡದೆ, ರಿವರ್ಸ್ ಹಾಕಿದರು.

ಮರುದಿನದಿಂದ ಭಾವಿಕೇರಿಗೆ ಬಸ್ಸು ಶುರುವಾಯಿತು. ಬಸ್ಸು ಎಂದರೆ ಭಾವನ ಕಾರು. ಮುಂದೆ ಬೀರಮ್ಮ, ಹಿಂದೆ ಮೂವರು, ಡಿಕ್ಕಿಯಲ್ಲಿ ಬುಟ್ಟಿಗಳು. ಬೈತಖೋಲದಲ್ಲಿ ಹರಾಜು ಹಿಡಿದು, ಅಲ್ಲಿಂದ ಪೇಟೆಗೆ. ಟಿಕೆಟ್ ಇಲ್ಲ ಎನ್ನುವುದೊಂದು ಬಿಟ್ಟರೆ ಸಂಪೂರ್ಣ ಸರ್ಕಾರಿ ಶಿಸ್ತು! ಹಳೆಯ ಬಸ್ಸು ಎಲ್ಲೆಲ್ಲಿ ನಿಲ್ಲುತ್ತಿತ್ತೋ ಅಲ್ಲೆಲ್ಲ, ಯಾರಿರಲಿ ಬಿಡಲಿ, ಕಾರು ನಿಲ್ಲುತ್ತಿತ್ತು. ಬೀರಮ್ಮ ಬಾಗಿಲು ತಟ್ಟಿ "ರೈಟ್" ಎಂದ ಮೇಲೆಯೇ ಹೊರಡುತ್ತಿತ್ತು. ಒಮ್ಮೆ ಪೇಟೆಯಲ್ಲಿ ನಾನು ಕೈ ಮಾಡಿದೆ. ಭಾವ ಕಾರು ನಿಲ್ಲಿಸದೆ, ಬೆರಳಿನಿಂದ ಹಿಂದಿನ ಬಸ್ ಸ್ಟಾಪ್ ತೋರಿಸಿ ಮುಂದೆ ಹೋದರು! ಸ್ವಂತ ಹೆಂಡತಿಯ ತಮ್ಮನಿಗೆ!

ಕಾರಿನ ವಾಸನೆಯ ಬಗ್ಗೆ ಏನು ಹೇಳಲಿ? ಒಂದು ಮದುವೆಗೆ ಅದರಲ್ಲಿ ಹೋದ ಅಕ್ಕನನ್ನು ಛತ್ರದ ಬೆಕ್ಕು ಊಟ ಮುಗಿಯುವವರೆಗೂ ಬಿಡಲಿಲ್ಲ.

ಒಂದು ಬೆಳಿಗ್ಗೆ ನಾನೂ ಆ ಕಾರಿನಲ್ಲಿ ಹೋದೆ. ಅಕ್ಕನ ಮನೆಯಲ್ಲಿ ಉಳಿದಿದ್ದೆ. ಮೂವರಲ್ಲಿ ಒಬ್ಬಳಿಗೆ ಜ್ವರ, ಅವಳ ಸೀಟು ನನಗೆ. ಸ್ಟಾಪಿನಿಂದಲೇ ಹತ್ತಿದೆ ಎಂಬುದನ್ನು ದಾಖಲಿಸುತ್ತೇನೆ. ದಾರಿಯುದ್ದಕ್ಕೂ ಹೆಂಗಸರು ತೂಕಡಿಸುತ್ತಿದ್ದರು. ಬಿಣಗಾ ದಾಟಿ ಘಟ್ಟ ಏರತೊಡಗಿದ್ದೇ ತಡ, ಬೀರಮ್ಮ ಹಿಂದೆ ನನ್ನ ಪಕ್ಕದಲ್ಲಿದ್ದ ಗಿರಿಜಾಳ ಕಡೆ ತಿರುಗಿ ಗುಡುಗಿದಳು.

"ಏ ಗಿರಿಜಾ, ನಿನ್ನೆ ನನ್ ಗಿರಾಕಿಗೆ ಬಂಗಡೆ ಕೊಟ್ಟದ್ದು ನೀನಲ್ದನೇ?"

"ನಿನ್ ಗಿರಾಕಿ ಅಂತ ಅವ್ರ ಹಣೆ ಮೇಲೆ ಬರದಿತ್ತಾ?"

"ಬಾಯ್ ಮುಚ್ಚೇ!"

"ನೀ ಮುಚ್ಚು! ಓವರ್ಸಿಯರ್ರೇ, ನೀವೇ ನ್ಯಾಯ ಹೇಳಿ!"

"ಹೇಳಿ, ಹೇಳಿ! ಯಾರ್ದು ತಪ್ಪು?" ಇನ್ನೊಬ್ಬಳೂ ಸೇರಿಕೊಂಡಳು.

ಕಾರಿನೊಳಗೆ ಮೀನು ಪೇಟೆಯೇ ಎದ್ದು ನಿಂತಿತ್ತು. ಭಾವನ ಬೆರಳುಗಳು ಸ್ಟೀರಿಂಗನ್ನು ಕಚ್ಚಿ ಹಿಡಿದು ಬಿಳಿಚಿದ್ದವು, ಗೇರ್ ಕರಕರ ಎಂದಿತು. "ಬೀರಮ್ಮಂದೇ ತಪ್ಪು!" ಎಂದು ಅರಚಿದರು. ಅಷ್ಟರಲ್ಲಿ ತಿರುವು ಮುಗಿದು ಇಳಿಜಾರು ಬಂತು, ಕೆಳಗೆ ಬಂದರು ಕಂಡಿತು. ಜಗಳ ಬಂದ ಹಾಗೆಯೇ ನಿಂತುಹೋಯಿತು. ಗಿರಿಜಾ ಕಿಟಕಿಯ ಹೊರಗೆ ನೋಡುತ್ತ ಆಕಳಿಸಿದಳು.

ಬೈತಖೋಲದಲ್ಲಿ ಇಳಿದಾಗ ಬೀರಮ್ಮನನ್ನು ಪಕ್ಕಕ್ಕೆ ಕರೆದು ಕೇಳಿದೆ. "ಯಾವ ಗಿರಾಕಿ? ಎಂತ ಗಲಾಟೆ?"

"ಯಾವ ಗಿರಾಕಿನೂ ಇಲ್ಲ." ಅವಳು ದನಿ ತಗ್ಗಿಸಿದಳು. "ಆ ತಿರುವಲ್ಲಿ ಅವ್ರ ಕೈ ನಡಗ್ತದೆ. ನಾವ್ ಸುಮ್ನೆ ಕೂತ್ರೆ ನಮ್ಗೂ ಕಾಣ್ತದೆ, ಅವ್ರಿಗೂ ಕಾಣ್ತದೆ. ಹಂಗಾಗಿ ದಿನಾ ಒಂದ್ ಜಗಳ ತೆಗೀತ್ವೆ."

"ಭಾವನಿಗೆ ಗೊತ್ತಾ?"

"ಗೊತ್ತಾಗೂಕಿಲ್ಲ. ಗಂಡಸ್ರಲ್ದಾ!"

ಮಳೆಗಾಲ ಕಳೆದು ರಸ್ತೆ ಅಗಲ ಮಾಡುವ ಕೆಲಸ ಶುರುವಾಯಿತು. ಅಗಲ ಮಾಡಬೇಕಾದರೆ ಅಗೆಯಬೇಕು, ಅಗೆದರೆ ಇದ್ದ ರಸ್ತೆ ಅರ್ಧವಾಗುತ್ತದೆ. ಪೇಟೆಯ ಬಾಯಲ್ಲಿ ಕಾರುಗಳು ಬೇರು ಬಿಟ್ಟವು. ಆಗ ಒಂದು ಪ್ರಕಟಣೆ ಹೊರಟಿತು: ಕಾಮಗಾರಿ ಮುಗಿಯುವವರೆಗೆ ಸಾರ್ವಜನಿಕರು ದಯವಿಟ್ಟು ಬಸ್ಸಿನಲ್ಲಿ ಬರಬೇಕು, ಇದಕ್ಕಾಗಿ ಹಳ್ಳಿಗಳ ನಿಂತ ಟ್ರಿಪ್‌ಗಳನ್ನು ಮತ್ತೆ ಬಿಡಲಾಗುವುದು! ಅದನ್ನು ಒಂದಕ್ಷರ ಬದಲಿಸದೆ ಪತ್ರಿಕೆಗೆ ಕಳಿಸಿದೆ. ಹಾಸ್ಯ ಸೇರಿಸುವ ಅಗತ್ಯ ಬೀಳಲಿಲ್ಲ.

ಭಾವಿಕೇರಿಗೆ ಬಸ್ಸು ಮರಳಿದ ವಾರ ನಾನು ಅಕ್ಕನ ಮನೆಯಿಂದ ಅದರಲ್ಲೇ ಹೊರಟೆ. ಕಾರನ್ನು ಮನೆಯಲ್ಲೇ ಬಿಟ್ಟ ಭಾವ ಕಿಟಕಿ ಪಕ್ಕ, ನಾನು ಅವರ ಬದಿಗೆ, ಹಿಂದಿನ ಸಾಲಿನಲ್ಲಿ ಬೀರಮ್ಮ ಮತ್ತು ದಂಡು. ಘಟ್ಟ ಬಂತು. ಚಾಲಕ ಗೇರ್ ಬದಲಿಸಿದ್ದೇ ತಡ, ಹಿಂದಿನಿಂದ ದನಿ ಎದ್ದಿತು. "ಏ ಗಿರಿಜಾ, ನಿನ್ನೆ ಆ ಶೆಟ್ಲಿ ಮೀನ್ ತಕಂಡ್ ಹೋದವ್ರು..."

"ನಾನೆಂತ ಮಾಡಿದ್ದೆ? ನೀನೇ..."

ಅಷ್ಟಕ್ಕೇ ಅವರಿಗೆ ನೆನಪಾಯಿತು. ಇದು ಕಾರಲ್ಲ. ನಡೆಸುತ್ತಿರುವವರು ಭಾವನೂ ಅಲ್ಲ. ಇಬ್ಬರೂ ಮಾತು ನುಂಗಿ, ಒಬ್ಬರ ಮುಖ ಒಬ್ಬರು ನೋಡಿಕೊಂಡು, ಸೆರಗಿನಿಂದ ಬಾಯಿ ಮುಚ್ಚಿಕೊಂಡರು. 

ಭಾವ ಹಿಂದಕ್ಕೆ ತಿರುಗಲಿಲ್ಲ. ಕಿಟಕಿಯಾಚೆಯ ಸಮುದ್ರದ ಕಡೆ ನೋಡುತ್ತಲೇ ಮೆಲ್ಲಗೆ ಕೇಳಿದರು.

"ಎಂತಕ್ಕೆ ನಿಲ್ಸಿದ್ರೇ? ತಿರುವು ಇನ್ನೂ ಮುಗೀಲಿಲ್ಲ."