ಆಷಾಢಕ್ಕೆ ಬಾಡಿಗೆಗೆ ಬಂದ ಕಂಪನಿ

ಜಾಗ ಹುಡುಕಿಕೊಡೋ ಕೆಲಸ ಹಿಡಿದ ಮೇಲೆ ಇಂಥದ್ದು ವಾರಕ್ಕೊಂದಾದರೂ ಎದುರಾಗುತ್ತೆ. ನಾನು ಏಳನೇ ಕ್ಲಾಸಿಗೇ ಸ್ಕೂಲಿಗೆ ಕೈಮುಗಿದವನು, ಒಂದು ಕಡೆ ಕೂತು ಅಭ್ಯಾಸವಿಲ್ಲ. ಯಲಹಂಕದಿಂದ ಯಶವಂತಪುರದವರೆಗೆ ಬೈಕಲ್ಲಿ ಸುತ್ತಿ, ಹೊಸ ಕಂಪನಿ ಕಟ್ಟೋರಿಗೆ ಜಾಗ ತೋರಿಸ್ತೀನಿ. ಶೆಟ್ಟಿಹಳ್ಳಿಯ ಹಳೇ ದನದ ಕೊಟ್ಟಿಗೆ, ಆರ್.ಟಿ. ನಗರದ ತಾರಸಿ ಮೇಲಿನ ಶೀಟ್ ಶೆಡ್ಡು, ಎಲ್ಲಾ ಕಡೆ ಕಂಪನಿ ಕೂರಿಸಿದ್ದೀನಿ. ಐಡಿಯಾ ತಲೆಯಿಂದ ಬರುತ್ತೆ ಅಂತ ಅವರು ತಿಳ್ಕೊಂಡಿದ್ದಾರೆ. ನಾನು ನೋಡಿದ ಮಟ್ಟಿಗೆ ಸಿಕ್ಕಿದ ಜಾಗದಿಂದ ಬರುತ್ತೆ.

೧. ಶಬ್ದವಿಲ್ಲ, ವಾಸನೆಯಿಲ್ಲ

ಹುಬ್ಬಳ್ಳಿ ಕಡೆಯ ಹುಡುಗಿ, ಜೊತೆಗೆ ಹತ್ತು ಜನ. ಪಾರ್ಕಿಂಗ್ ಹುಡುಕಿಕೊಡೋ ಆ್ಯಪ್ ಮಾಡ್ತಿದ್ದಳು. ಹೆಬ್ಬಾಳದ ಗಾಜಿನ ಕಟ್ಟಡದ ಬಾಡಿಗೆ ಕೇಳಿ, ಹತ್ತಿದ ಲಿಫ್ಟಲ್ಲೇ ವಾಪಸ್ ಇಳಿದಳು. ವಿದ್ಯಾರಣ್ಯಪುರದ ಒಂದು ಕಲ್ಯಾಣ ಮಂಟಪ ಆಷಾಢದಲ್ಲಿ ಮದುವೆ ಇಲ್ಲದೆ ಖಾಲಿ ಬಿದ್ದಿತ್ತು. ಊಟದ ಹಾಲ್ ಭೀಮನ ಅಮಾವಾಸ್ಯೆವರೆಗೆ ಕೊಡ್ತೀನಿ ಅಂದರು ಯಜಮಾನರು. ಷರತ್ತು ಒಂದೇ, ಚಪ್ಪಲಿ-ಶೂ ಬಾಗಿಲಾಚೆ.

“ನಿಮ್ಮ ಕೆಲಸದಲ್ಲಿ ಶಬ್ದ ಬರುತ್ತೇನಮ್ಮ?” ಅಂತ ಕೇಳಿದರು.

“ಇಲ್ರಿ.”

“ವಾಸನೆ, ಹೊಗೆ?”

“ಏನೂ ಇಲ್ರಿ.”

“ಮತ್ತೆ ಕೆಲಸ ನಡೀತಿದೆ ಅಂತ ಹೆಂಗೆ ಗೊತ್ತಾಗುತ್ತೆ?”

“ನಮಗೂ ಅದೇ ಚಿಂತಿ ಆಗೇತ್ರಿ,” ಅಂದಳು.

೨. ವರನ ಕೋಣೆ, ವಧುವಿನ ಕೋಣೆ

ಸುದ್ದಿ ಹಬ್ಬಿ ಇನ್ನೆರಡು ಸಣ್ಣ ಕಂಪನಿ ಬಂದವು. ಒಂದಕ್ಕೆ ವರನ ಕೋಣೆ, ಇನ್ನೊಂದಕ್ಕೆ ವಧುವಿನ ಕೋಣೆ. ಎಲ್ಲರೂ ಸೇರೋದು ಕೈತೊಳೆಯೋ ನಲ್ಲಿಗಳ ಹತ್ತಿರ. ಎರಡೇ ವಾರಕ್ಕೆ ಆ ಎರಡು ಕಂಪನಿ ಮಾತಾಡ್ಕೊಂಡು ಒಂದಾಗಿಬಿಟ್ಟವು. ಸ್ವೀಟು ಹಂಚಿದರು. ಯಜಮಾನರು ಮಾತ್ರ ಬಾಯಿಗೆ ಹಾಕ್ಕೊಳ್ಳದೆ ಕೈಯಲ್ಲೇ ಹಿಡ್ಕೊಂಡು ನಿಂತಿದ್ದರು.

“ಯಾಕ್ ಸಾರ್?” ಅಂದೆ.

“ಒಂದಾಗಿದ್ದು ಸರಿ ಕಣಯ್ಯ. ಆಷಾಢದಲ್ಲಿ ಆಗ್ಬಾರ್ದಿತ್ತು.”

೩. ಭಟ್ಟರ ಲೆಕ್ಕ

ಊಟದ ಹಾಲಲ್ಲಿ ಕೂತವರಿಗೆ ಪಾರ್ಕಿಂಗ್ ಎಲ್ಲಿಂದ ಹೊಳೀಬೇಕು? ಹುಡುಗಿ ಆ್ಯಪನ್ನೇ ಬದಲಾಯಿಸಿದಳು. ಬಾಗಿಲಲ್ಲಿ ಫೋನ್ ಇಟ್ಟರೆ ಊಟಕ್ಕೆ ಒಳಗೆ ಬಂದ ತಲೆ ಎಣಿಸಿ, ಮುಂದಿನ ಪಂಕ್ತಿಗೆ ಎಷ್ಟು ಅಕ್ಕಿ ಹಾಕ್ಬೇಕು ಅಂತ ಅಡುಗೆಮನೆಗೆ ಹೇಳೋದು.

ಮಂಟಪದ ಅಡುಗೆ ಭಟ್ಟರು ಆಷಾಢದಲ್ಲಿ ಕೆಲಸವಿಲ್ಲದೆ ಮೆಟ್ಟಿಲ ಮೇಲೆ ಕೂತಿರೋರು. “ಅದಕ್ಕೆ ಮಿಷಿನ್ ಯಾಕಮ್ಮ? ಹೊರಗಿರೋ ಚಪ್ಪಲಿ ಎಣಿಸಿದ್ರಾಯ್ತು. ಮೂವತ್ತು ವರ್ಷದಲ್ಲಿ ಒಂದೂ ತಪ್ಪಿಲ್ಲ,” ಅಂತಿದ್ದರು.

ಅಷ್ಟರಲ್ಲಿ, ದುಡ್ಡು ಹಾಕ್ತೀನಿ ಅಂದಿದ್ದ ಸಾಹೇಬರು ನೋಡೋಕೆ ಬರೋ ದಿನ ಮುಂದೆ ಹೋಯ್ತು. ಸರಿಯಾಗಿ ಶ್ರಾವಣದ ಮೊದಲ ಮುಹೂರ್ತದ ದಿನ. ಹಾಲ್ ಮದುವೆಗೆ ಬುಕ್ ಆಗಿತ್ತು. ಸಾಹೇಬರು ಬೇಡ ಅಂದರೆ ಕಂಪನಿ ಮುಚ್ಚಿ ಹನ್ನೊಂದು ಜನವೂ ಮನೆಗೆ. ಹುಡುಗಿ ಪಂಚಾಂಗ ಹಿಡ್ಕೊಂಡು ಯಜಮಾನರ ಹತ್ತಿರ ಹೋದಳು.

“ಈ ವರ್ಷ ಅಧಿಕ ಮಾಸ ಇಲ್ಲೇನ್ರಿ?”

“ಅಮ್ಮಾ, ನಾನು ಬಾಡಿಗೆಗೆ ಕೊಡೋದು ಹಾಲ್. ತಿಂಗಳು ನನ್ನ ಕೈಲಿಲ್ಲ.”

ಕೊನೆಗೆ ಮಹಡಿ ಮೇಲಿನ ಪಾತ್ರೆ ಉಗ್ರಾಣ ಬಿಟ್ಟುಕೊಟ್ಟರು. ಊಟದ ಹಾಲಿನ ಬಾಗಿಲಿಗೆ ಫೋನ್ ಕಟ್ಟೋಕೂ ಒಪ್ಪಿದರು.

೪. ಎಲೆ ಎಣಿಸಿದ ದಿನ

ಸಾಹೇಬರು ಬಂದಾಗ ಬಾಗಿಲಲ್ಲಿ ಪನ್ನೀರು ಚಿಮುಕಿಸಿದರು. ನಾನು ಓಡಿ ಹೋಗೋದರೊಳಗೆ ಹೆಣ್ಣಿನ ಸೋದರಮಾವ ಅವರ ಕೈ ಹಿಡ್ಕೊಂಡು, “ಬನ್ನಿ ಬನ್ನಿ, ಮೊದಲ್ನೇ ಪಂಕ್ತಿ ಕೂರ್ತಿದೆ,” ಅಂತ ಎಲೆ ಮುಂದೆ ಕೂರಿಸಿಬಿಟ್ಟಿದ್ದ. ಹೋಳಿಗೆ ಮುಗಿದ ಮೇಲೇ ಅವರು ಉಗ್ರಾಣ ಹತ್ತಿದ್ದು. ಕೊಪ್ಪರಿಗೆಗಳ ನಡುವೆ ಹನ್ನೊಂದು ಜನ ಲ್ಯಾಪ್‌ಟಾಪ್ ಹಿಡಿದು ಕೂತಿದ್ದರು. ಸಾಹೇಬರು ಒಂದು ಕುರ್ಚಿ ಎಳ್ಕೊಂಡು ಕೂತರು.

ಹುಡುಗಿ ಆ್ಯಪ್ ತೋರಿಸಿದಳು. ಸೌಟು ತಗೊಳ್ಳೋಕೆ ಬಂದ ಭಟ್ಟರು ನಿಂತು ತಮ್ಮ ಚಪ್ಪಲಿ ಲೆಕ್ಕವನ್ನೂ ಹೇಳಿದರು. ಸಾಹೇಬರಿಗೆ ಅದೇ ಇಷ್ಟವಾಯ್ತು.

“ಸಂಜೆವರೆಗೂ ಇರ್ತೀನಿ. ಚಪ್ಪಲಿ ಗೆದ್ರೆ ನಾನು ಯಾಕೆ ದುಡ್ಡು ಹಾಕ್ಬೇಕು?”

ಹುಡುಗಿ ನನ್ನ ಪಕ್ಕಕ್ಕೆ ಬಂದಳು. “ಅಣ್ಣಾರ, ಭಟ್ಟರು ಒಂದ್ಸಲನೂ ತಪ್ಪಿಲ್ಲಂತಲ್ರಿ,” ಅಂತ ನನ್ನ ಕಿವಿಯಲ್ಲಿ ಅಂದಳು. ನನಗೂ ಅದೇ ಭಯ.

ಕೊನೇ ಪಂಕ್ತಿ ಎದ್ದಿತು. ಭಟ್ಟರು ಆರುನೂರ ಹನ್ನೆರಡು ಅಂದರು. ಫೋನು ಆರುನೂರ ಹದಿಮೂರು ಅಂತು. ಮಂಟಪದಲ್ಲಿ ಕೊನೇ ಮಾತು ಎಲೆಯದು, ಹಾಕಿದ ಎಲೆಯನ್ನೆಲ್ಲ ಯಜಮಾನರು ಬರೆಸ್ತಾರೆ. ಅವರೇ ಚೀಟಿ ಹಿಡಿದು ಮೇಲೆ ಬಂದರು.

“ಆರುನೂರ ಹದಿಮೂರು.”

ಭಟ್ಟರು ನಂಬಲಿಲ್ಲ. ಕೆಳಗೆ ಹೋಗಿ ಬಾಗಿಲಾಚೆ ಉಳಿದ ಚಪ್ಪಲಿ ನೋಡಿ ಬಂದರು. ಉಗ್ರಾಣದಲ್ಲಿ ಒಬ್ಬೊಬ್ಬರ ಕಾಲನ್ನೂ ನೋಡ್ತಾ ಬಂದು, ಸಾಹೇಬರ ಕುರ್ಚಿ ಮುಂದೆ ನಿಂತರು.

“ಸ್ವಾಮಿ, ನೀವು ಶೂ ಬಿಚ್ಚದೇ ಊಟಕ್ಕೆ ಕೂತ್ರಾ?”

ಸಾಹೇಬರು ಎರಡೂ ಕಾಲನ್ನ ನಿಧಾನಕ್ಕೆ ಕುರ್ಚಿ ಕೆಳಗೆ ಎಳ್ಕೊಂಡು, ಹುಡುಗಿ ಕಡೆ ತಿರುಗಿ, “ಎಲ್ಲಿ ಸೈನ್ ಮಾಡ್ಬೇಕು ತೋರ್ಸಿ,” ಅಂದರು.