ಅರೆಯಲು ಬಾರದವನ ಸಹಸ್ಫಟಿಕ

ಓದಿದವರಿಗೆ ಒಂದು ಕಾಯಿಲೆಯಿದೆ: ಕೈಕೆಲಸವನ್ನೂ ಓದಿಯೇ ಕಲಿಯಬಹುದೆಂದು ನಂಬುವುದು. ನನಗದು ವಾಸಿಯಾಗದಷ್ಟು ಬಲಿತಿದೆ. ಕೆ.ಆರ್. ಪೇಟೆಯ ಸಣ್ಣ ಫಾರ್ಮಸಿ ಕಾಲೇಜೊಂದರಲ್ಲಿ ನಾನು ಮೇಷ್ಟ್ರು. ಕೂದಲು ನೆರೆಯುವ ವಯಸ್ಸಿನಲ್ಲಿ ಪಿಎಚ್‌ಡಿಗೆ ಸೇರಿಕೊಂಡೆ. ವಿಷಯ ಸಹಸ್ಫಟಿಕ. ನೀರಿಗೆ ಹಾಕಿದರೆ ಕರಗದೆ ತಳದಲ್ಲಿ ಕೂರುವ ಔಷಧಗಳಿವೆಯಲ್ಲ, ಅಂಥದ್ದಕ್ಕೆ ನಿರಪಾಯದ ಆಮ್ಲವೊಂದನ್ನು ಜೊತೆ ಮಾಡಿದರೆ, ಎರಡರ ಅಣುಗಳೂ ಕೈ ಹಿಡಿದು ಒಂದೇ ಹರಳಿನೊಳಗೆ ಸಾಲಾಗಿ ನಿಲ್ಲುತ್ತವೆ. ಔಷಧ ಅದೇ, ಅದರ ಹಠ ಮಾತ್ರ ಕಮ್ಮಿಯಾಗಿ ಸಲೀಸಾಗಿ ಕರಗುತ್ತದೆ. "ಮನುಷ್ಯರ ಮೇಲೂ ನಡೆಯುತ್ತಾ ಇದು?" ಎಂದು ನನ್ನ ಹೆಂಡತಿ ನನ್ನನ್ನೇ ನೋಡುತ್ತಾ ವಿಚಾರಿಸಿದ್ದಳು.

ಹೇಳಿದಷ್ಟು ಸುಲಭವಲ್ಲ. ಎರಡನ್ನೂ ಸ್ಪಿರಿಟ್ಟಿನಲ್ಲಿ ಕರಗಿಸಿ ನಿಧಾನವಾಗಿ ಆರಲು ಬಿಟ್ಟೆ. ಔಷಧ ಜೊತೆಗಾರನನ್ನು ಬಿಟ್ಟು ಮೊದಲೇ ಹರಳಾಗಿ ಕೂತಿತು. ಒಟ್ಟಿಗೆ ಕಾಯಿಸಿ ಕರಗಿಸಲು ಹೋದೆ. ಔಷಧ ಕರಗುವಷ್ಟರಲ್ಲಿ ಆಮ್ಲ ಸೀದು ಕಪ್ಪಾಯಿತು. ಉಳಿದದ್ದು ಪಿಂಗಾಣಿ ಕಲ್ಬತ್ತಿನಲ್ಲಿ ಹಾಕಿ ಅರೆಯುವುದು. ಅರೆಯಲು ಶುರುಮಾಡಿದ ದಿನವೇ ಫೋನು ಬಂತು. ಲ್ಯಾಬಿನ ಅಟೆಂಡರು, ಶೀಳನೆರೆಯ ನಿಂಗಮ್ಮನವರಿಗೆ ಅರೆಯುತ್ತಿರಲು ಹೇಳಿ ಕಲ್ಬತ್ತು ಕೊಟ್ಟು ಆಚೆ ಹೋದೆ. ವಾಪಸ್ಸು ಬಂದು ಆ ಪುಡಿಯನ್ನು ಗಾಜಿನ ಸಣ್ಣ ನಳಿಕೆಯಲ್ಲಿ ತುಂಬಿ ಕಾಯಿಸಿದೆ. ಅದು ಔಷಧದ ಬಿಸಿಗೂ ಕರಗಲಿಲ್ಲ, ಆಮ್ಲದ ಬಿಸಿಗೂ ಕರಗಲಿಲ್ಲ; ಎರಡರದ್ದೂ ಅಲ್ಲದ ಇನ್ನೊಂದು ಬಿಸಿಯಲ್ಲಿ ಒಮ್ಮೆಗೇ ಕರಗಿ ನೀರಾಯಿತು. ಜಗತ್ತಿನಲ್ಲಿ ಬೆಳಿಗ್ಗೆ ಇಲ್ಲದಿದ್ದ ವಸ್ತುವೊಂದು ಮಧ್ಯಾಹ್ನ ನನ್ನ ಕಣ್ಣೆದುರಿಗಿತ್ತು! ಮೈ ಜುಮ್ಮೆಂದಿತು. ಪುಡಿಯನ್ನು ಪರೀಕ್ಷೆಗೆ ಕಳಿಸಿದಾಗ ಮೈಸೂರಿನಿಂದ ಬಂದ ಎಕ್ಸ್‌ರೇ ನಕ್ಷೆಯೂ ಇದು ಹೊಸ ಹರಳೇ ಹೌದೆಂದಿತು. ನಾನು 'ಒಣ ಅರೆತದ ವಿಧಾನ' ಎಂದು ಹೆಮ್ಮೆಯಿಂದ ಬರೆದುಕೊಂಡು, ಇನ್ನು ಇದು ಸಂಶೋಧನೆ, ಕಲ್ಬತ್ತು ಮುಟ್ಟಬೇಡಿ ಎಂದು ನಿಂಗಮ್ಮನವರಿಗೆ ಅಪ್ಪಣೆ ಮಾಡಿದೆ.

ಆಮೇಲೆ ಆ ಹರಳು ಬರಲೇ ಇಲ್ಲ. ಐದು ತಿಂಗಳು ಅರೆದೆ. ಪ್ರಮಾಣ ಬದಲಿಸಿದೆ, ಫ್ಯಾನು ಆರಿಸಿದೆ, ರಟ್ಟೆಗೆ ಮುಲಾಮು ಹಚ್ಚಿಕೊಂಡೆ. ಎರಡು ಪುಡಿಗಳೂ ಒಂದೇ ಬಸ್ಸಿನ ಅಪರಿಚಿತರಂತೆ ಪಕ್ಕಪಕ್ಕ ಕೂತೇ ಇದ್ದವು. "ಮತ್ತೊಂದು ಸಲ ಮಾಡಿ ತೋರಿಸದಿದ್ದರೆ ಈ ತಿಂಗಳ ಕೊನೆಗೆ ಆ ಅಧ್ಯಾಯ ತೆಗೆದುಹಾಕಿ," ಎಂದರು ನನ್ನ ಗೈಡು. ಆ ಅಧ್ಯಾಯ ಹೋದರೆ ನಾಲ್ಕು ವರ್ಷದ ದುಡಿಮೆಯಲ್ಲಿ ಉಳಿಯುವುದು ಸೀದ ಆಮ್ಲ ಮಾತ್ರ. ನನಗೆ ಅಳು ಬರುವಂತಾಗಿತ್ತು.

ಹೀಗಿರುವಾಗ ಒಂದು ಮಧ್ಯಾಹ್ನ ಗಾಜಿನ ಪಾತ್ರೆ ತೊಳೆಯುತ್ತಿದ್ದ ನಿಂಗಮ್ಮ ನನ್ನ ಹತ್ತಿರ ಬಂದು ನಿಂತರು.

"ಸಾ, ಬೈಯಕಿಲ್ಲ ಅಂದ್ರೆ ಒಂದ್ ಮಾತು. ಯಾಕಿಂಗೆ ಒಣಗ್ಲನ್ನೇ ಅರೀತಿದ್ದೀರಾ? ಒಸಿ ನೀರ್ ಚುಮುಕ್ಸಬೇಕಲ್ವಾ?"

"ಅವತ್ತು ನೀವು ನೀರು ಹಾಕಿದ್ರಾ? ಹೇಳಲೇ ಇಲ್ವಲ್ಲಮ್ಮಾ!"

"ನೀವು ಕೇಳ್ನಿಲ್ವಲ್ಲ ಸಾ. ನೀರ್ ಚುಮುಕಿಸ್ದೆ ಯಾರಾರಾ ಅರೀತಾರಾ?"

ನಿಜ. ನಮ್ಮ ಕಡೆಯ ಹೆಂಗಸರು ಖಾರವನ್ನಾಗಲಿ ಕಾಯನ್ನಾಗಲಿ ಅರೆಯುವಾಗ ಬೆರಳದ್ದಿ ನೀರು ಚಿಮುಕಿಸುತ್ತಲೇ ಇರುತ್ತಾರೆ. ಅದು ಅವರಿಗೇ ಗೊತ್ತಾಗುವುದಿಲ್ಲ. ಹನಿ ಹಾಕಿ ಅರೆಯುವ ವಿಧಾನ ಪುಸ್ತಕದಲ್ಲೂ ಇದೆ, ನಾನೇ ಪಾಠ ಮಾಡಿದ್ದೇನೆ. ಒಣದಾಗಿ ಅರೆದೇ ಬಂದಿದೆಯಲ್ಲ ಎಂಬ ಜಂಬದಲ್ಲಿ ಆ ಕಡೆ ತಿರುಗಿಯೂ ನೋಡಿರಲಿಲ್ಲ. ಕಲ್ಬತ್ತನ್ನು ಅವರ ಮುಂದೆ ಸರಿಸಿದೆ. ಶುದ್ಧ ನೀರಿಗೆ ಬೆರಳದ್ದಿ ಎರಡು ಸಲ ಚಿಮುಕಿಸಿ ಅರೆದರು. ಪುಡಿ ನಳಿಕೆಯಲ್ಲಿ ಸರಿಯಾಗಿ ಅದೇ ಬಿಸಿಗೆ ಕರಗಿತು! ನಾಲ್ಕೇ ಹನಿ ನೀರು ಅಷ್ಟು ಕೋಟಿ ಅಣುಗಳಿಗೆ ಓಡಾಡಲು ದಾರಿ ಮಾಡಿಕೊಟ್ಟು, ತಾನು ಸದ್ದಿಲ್ಲದೆ ಆರಿಹೋಗಿತ್ತು. ಕೈ ಮುಗಿಯಬೇಕೆನಿಸಿತು, ನೀರಿಗೋ ನಿಂಗಮ್ಮನಿಗೋ ತಿಳಿಯಲಿಲ್ಲ.

ಎಷ್ಟು ನೀರು ಎಂದು ಗೈಡು ಕೇಳಿದರು. ನಿಂಗಮ್ಮನವರ ಕೈಯಿಂದ ತಕ್ಕಡಿಯ ತಟ್ಟೆಗೆ ನೀರು ಹಾಕಿಸಿ ತೂಗಿದೆ.

"ಇಂಗೆ ಅಳ್ದು ಅಳ್ದು ಆಕಕ್ಕೆ ಇದೇನ್ ಔಸ್ದಿನಾ ಸಾ?" ಎಂದು ಅವರು ನಕ್ಕರು.

ಹತ್ತು ಸಲವೂ ತೂಕ ಹೆಚ್ಚುಕಮ್ಮಿ ಒಂದೇ. ಅಳತೆಯನ್ನೂ ಅವರ ಹೆಸರನ್ನೂ ಪ್ರಬಂಧದಲ್ಲಿ ಬರೆದಿದ್ದೇನೆ. ಪರೀಕ್ಷಕರು ಎದುರಿಗೇ ಅರೆದು ತೋರಿಸಿ ಎಂದುಬಿಟ್ಟರೆ ಎಂಬ ಭಯಕ್ಕೆ ಈಗ ಊಟದ ಬಿಡುವಿನಲ್ಲಿ ಬಾಗಿಲು ಹಾಕಿಕೊಂಡು ಅಭ್ಯಾಸ ನಡೆಸಿದ್ದೇನೆ. ನಿಂಗಮ್ಮ ಪಕ್ಕದಲ್ಲಿ ಸ್ಟೂಲು ಹಾಕಿಕೊಂಡು ಕೂರುತ್ತಾರೆ. "ಪರ್ವಾಗಿಲ್ಲ ಬುಡಿ ಸಾ, ಇನ್ನೊಂದ್ಸಲ ಮಾಡಿ," ಎನ್ನುತ್ತಾರೆ, ಫೇಲಾದ ಹುಡುಗರಿಗೆ ನಾನು ಹೇಳುವ ದನಿಯಲ್ಲೇ.